ಅಕ್ಕನ ಹೆಸರಿನಲ್ಲಿ ತೆರೆದ ಏಳು ಕಂಪ್ಯೂಟರುಗಳು

ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಬೀಗ ತೆಗೆಯುತ್ತಿದ್ದವಳು ಅಕ್ಕ. ಇಪ್ಪತ್ತಾರು ವರ್ಷಗಳಲ್ಲಿ ಆ ಬೀಗ ಮೂರು ಸಲ ಬದಲಾಗಿತ್ತು. ತೆಗೆಯುವ ಕೈ ಬದಲಾಗಿರಲಿಲ್ಲ. ಆಕೆಗಿಂತ ಹಿರಿಯರಾದ ವೈದ್ಯರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಲು ರಕ್ತಸಂಬಂಧದ ಹಕ್ಕು ಇದ್ದವನು ಆ ಕಟ್ಟಡದಲ್ಲಿ ಒಬ್ಬನೇ: ಮೂರನೆಯ ಮಹಡಿಯ ತಣ್ಣನೆಯ ಸರ್ವರ್ ಕೋಣೆಯಲ್ಲಿ ಕುಳಿತು ಇಡೀ ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದ ಆಕೆಯ ತಮ್ಮ. ಜಾಲದವನಾದ್ದರಿಂದ ಅವನಿಗೆ ಜಾಲಪ್ಪ ಎಂಬ ಹೆಸರು ಬಿದ್ದಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಇಪ್ಪತ್ತು. ಅವನ ಓದು ಮುಗಿಯುವವರೆಗೆ ಮದುವೆಯ ಮಾತು ಬೇಡ ಎಂದಳು ಅಕ್ಕ. ಓದು ಮುಗಿಯುವಷ್ಟರಲ್ಲಿ ಆ ಮಾತನ್ನು ಎತ್ತುವವರೂ ಮುಗಿದಿದ್ದರು.

ವಿಭಾಗದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಉದ್ದನೆಯ ಮೇಜು, ಅದರ ಮೇಲೆ ಏಳು ಕಂಪ್ಯೂಟರುಗಳು, ಮೂಲೆಯಲ್ಲಿ ಒಂದು ಲೇಬಲ್ ಪ್ರಿಂಟರ್. ರಕ್ತ ತುಂಬಿದ ಪ್ರತಿ ನಳಿಕೆಗೂ ರೋಗಿಯ ಹೆಸರಿನ ಲೇಬಲ್ ಅಂಟಿಸಬೇಕು. ಲೇಬಲ್ ತಪ್ಪಾದರೆ ಅದನ್ನು ರದ್ದುಮಾಡಿ ಇನ್ನೊಂದು ತೆಗೆಯಬೇಕು. ಎಂಟು ಗಂಟೆಗೆ ಕಿಟಕಿ ತೆರೆಯುವಾಗ ಹೊರಗೆ ಬರಿಹೊಟ್ಟೆಯಲ್ಲಿ ಬಂದ ನಲವತ್ತು ಮಂದಿ ತೋಳು ಮಡಚಿಕೊಂಡು ನಿಂತಿರುತ್ತಿದ್ದರು.

ಆ ಕೋಣೆಗೆ ಒಂದು ವಾಡಿಕೆಯಿತ್ತು. ಅಕ್ಕ ಅರ್ಧ ಗಂಟೆ ಮೊದಲೇ ಬಂದು ಏಳು ಕಂಪ್ಯೂಟರುಗಳನ್ನೂ ತನ್ನ ಹೆಸರು, ತನ್ನ ಪಾಸ್‌ವರ್ಡ್ ಹಾಕಿ ತೆರೆದಿಡುವಳು. ಉಳಿದ ಆರು ಮಂದಿ ಎಂಟಕ್ಕೆ ಬಂದು ನೇರವಾಗಿ ಕುಳಿತು ಕೆಲಸ ಶುರುಮಾಡುವರು. ಆರು ವರ್ಷಗಳಿಂದ ಆ ಆರು ಮಂದಿ ತಂತಮ್ಮ ಹೆಸರಿನಲ್ಲಿ ಒಮ್ಮೆಯೂ ಕಂಪ್ಯೂಟರ್ ತೆರೆದವರಲ್ಲ.

ಇದರ ಮೂಲ ಜಾಲಪ್ಪನ ಒಂದು ಸೋಮಾರಿತನ. ಹೆಸರು, ಪಾಸ್‌ವರ್ಡ್ ಕೊಟ್ಟೊಡನೆ ಕಂಪ್ಯೂಟರು ತನ್ನಷ್ಟಕ್ಕೆ ಒಂದು ಆಜ್ಞಾಪಟ್ಟಿಯನ್ನು ಓದಿಕೊಳ್ಳುತ್ತದೆ: ಬಂದವರ ಕಡತಗಳು ಇಲ್ಲಿವೆ, ಬಂದವರಿಗೆ ಈ ಪ್ರಿಂಟರನ್ನು ಜೋಡಿಸು, ಬಂದವರಿಗೆ ಈ ಬಾಗಿಲು ತೆರೆ, ಆ ಬಾಗಿಲು ಮುಚ್ಚು. ಅದಕ್ಕೆ ಲಾಗಿನ್ ಸ್ಕ್ರಿಪ್ಟ್ ಎನ್ನುತ್ತಾರೆ. ಸಾವಿರ ನೌಕರರಿಗೆ ಸಾವಿರ ಪಟ್ಟಿಯನ್ನು ಯಾರೂ ಬರೆಯುವುದಿಲ್ಲ. ಒಂದೇ ಪಟ್ಟಿ ಬರೆದು, ಹೆಸರು ಬರಬೇಕಾದ ಕಡೆ ಎರಡು ಶೇಕಡಾ ಚಿಹ್ನೆಗಳ ನಡುವೆ ಒಂದು ಗುರುತು ಇಡುತ್ತಾರೆ. ಯಾರು ಒಳಗೆ ಬಂದರೋ ಅವರ ಹೆಸರು ಆ ಜಾಗದಲ್ಲಿ ಬಂದು ಕೂರುತ್ತದೆ. ಜಾಲಪ್ಪ ಅದನ್ನು ಖಾಲಿ ಕುರ್ಚಿ ಎಂದು ಕರೆಯುತ್ತಿದ್ದ. ಆರು ವರ್ಷಗಳ ಹಿಂದೆ ಲೇಬಲ್ ಪ್ರಿಂಟರ್ ಬಂದ ದಿನ, ಅದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು, ಅವನು ಖಾಲಿ ಕುರ್ಚಿ ಇಡಬೇಕಾದ ಕಡೆ ಕೈಗೆ ಸಿಕ್ಕಿದ ಹೆಸರನ್ನು ಬರೆದ. ಕೈಗೆ ಸದಾ ಸಿಗುತ್ತಿದ್ದ ಹೆಸರು ಅಕ್ಕನದು. ಪ್ರಿಂಟರ್ ಗರಗರನೆ ಲೇಬಲ್ ಉಗುಳಿತು. ಅವನು ಕೈ ಕೊಡವಿ ಎದ್ದುಹೋದ. ಅಂದಿನಿಂದ ಅಕ್ಕನ ಹೆಸರಿನಲ್ಲಿ ತೆರೆದ ಕಂಪ್ಯೂಟರಿಗೆ ಮಾತ್ರ ಲೇಬಲ್ ಪ್ರಿಂಟರ್ ಜೋಡಣೆಯಾಗುತ್ತಿತ್ತು. ಬೇರೆಯವರು ದೂರಿದಾಗ ಅವನು ಒಂದು ಚೀಟಿ ಬರೆದು ಪ್ರಿಂಟರಿನ ಪಕ್ಕೆಗೆ ಅಂಟಿಸಿದ: “ಲೇಬಲ್ ಬೇಕಿದ್ದರೆ ಅಕ್ಕನ ಹೆಸರಿನಿಂದಲೇ ತೆರೆಯಿರಿ. ಮುಂದಿನ ವಾರ ಸರಿಮಾಡುತ್ತೇನೆ.” ಕೆಳಗೆ ಸಹಿ, ತಾರೀಖು. ಆ ಮುಂದಿನ ವಾರ ಆರು ವರ್ಷವಾದರೂ ಬಂದಿರಲಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿಗಳು ಬಂದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಎಂದೂ ಏರದ ದನಿ. ನೌಕರರು ಹೆಚ್ಚಾಗಿದ್ದಾರೆ ಎಂಬುದು ಅವರ ನಂಬಿಕೆ. ಅವರನ್ನು ಕೆಲಸದಿಂದ ತೆಗೆದವರು ಯಾರು ಎಂಬ ಪ್ರಶ್ನೆಗೆ ತಮ್ಮ ಹೆಸರು ಉತ್ತರವಾಗಬಾರದು ಎಂಬುದು ಅವರ ಆಸೆ. ಅವರು ಜಾಲಪ್ಪನನ್ನು ಕರೆಸಿದರು.

“ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ, ನಿನ್ನೆ ಅವರಿಂದ ಎಷ್ಟು ತಪ್ಪಾಯಿತು ಅಂತ ಅವರಿಗೇ ತೋರಿಸೋಕೆ ಆಗುತ್ತಾ?”

“ಆಗುತ್ತೆ ಸರ್.”

“ಬರೀ ತೋರಿಸಿದರೆ ಸಾಲದು. ಒಪ್ಪಿದ್ದೇನೆ ಅಂತ ಅವರೇ ಟೈಪ್ ಮಾಡಬೇಕು. ಟೈಪ್ ಮಾಡದೇ ಇದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗಬಾರದು.”

“ಅದೂ ಆಗುತ್ತೆ ಸರ್.”

“ತಪ್ಪಿಗೊಂದು ಮಿತಿ ಇಡೋಣ. ಹತ್ತು ದಿನ ಅದನ್ನು ಮೀರಿದವರು, ಕೆಲಸಕ್ಕೆ ಲಾಯಕ್ಕಿಲ್ಲ ಅಂತ ತಾವೇ ಒಪ್ಪಿದ ಹಾಗಾಯಿತು. ನಾವು ಯಾರನ್ನೂ ತೆಗೆಯೋದಿಲ್ಲ, ನೋಡಿ. ಅವರೇ ಹೋಗುತ್ತಾರೆ.” ಅವರು ಪೆನ್ನಿನ ಮುಚ್ಚಳ ಹಾಕಿದರು. “ಮುಖ್ಯ ಜಾಲಾಧಿಕಾರಿಯ ಹುದ್ದೆ ಖಾಲಿ ಇದೆ ಅಲ್ಲವೇ?”

ಕೊನೆಯ ಮಾತಿಗೆ ಜಾಲಪ್ಪನ ಕಿವಿ ಕೆಂಪಾಯಿತು. ಎರಡು ದಿನಗಳಲ್ಲಿ ಸ್ಕ್ರಿಪ್ಟ್ ಸಿದ್ಧವಾಯಿತು. “ಮಾನ್ಯ” ಎಂದು ಬರೆದು ಒಂದು ಖಾಲಿ ಕುರ್ಚಿ, “ನಿನ್ನೆ ನಿಮ್ಮಿಂದಾದ ತಪ್ಪುಗಳು” ಎಂದು ಬರೆದು ಇನ್ನೊಂದು. ಯಾರು, ಯಾವ ಕಂಪ್ಯೂಟರಿನಿಂದ ಒಪ್ಪಿದರು ಎಂಬುದು ದಾಖಲೆಗೆ ಹೋಗಲು ಮತ್ತೆ ಎರಡು. ಮನೆಯಲ್ಲಿ ಹೆಂಡತಿಯ ಮುಂದೆ ಅವನು ಹೆಮ್ಮೆಯಿಂದ ಹೇಳಿಕೊಂಡ:

“ಇಡೀ ಸ್ಕ್ರಿಪ್ಟಿನಲ್ಲಿ ಒಬ್ಬರ ಹೆಸರೂ ಇಲ್ಲ ಗೊತ್ತಾ? ನಾನು ಯಾರ ಮೇಲೂ ಬೆರಳು ತೋರಿಸಿಲ್ಲ. ಯಾರು ಬಂದು ಕೂರುತ್ತಾರೋ ಅದು ಅವರ ಹಣೆಬರಹ.”

ಗುಂಡಿ ತೋಡಿದವನು, ಬೀಳುವವರ ಹೆಸರನ್ನು ನಾನು ಕೆತ್ತಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡ ಹಾಗಿತ್ತು ಆ ಮಾತು. ಹೆಂಡತಿ ತಟ್ಟೆ ತೊಳೆಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಕ್ಕ ಅವನ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು.

ಮೊದಲ ದಿನ ಬೆಳಿಗ್ಗೆ ಏಳೂವರೆಗೆ ಅಕ್ಕ ಮೊದಲ ಕಂಪ್ಯೂಟರನ್ನು ತೆರೆದಾಗ ಪರದೆಯ ನಡುವೆ ಒಂದು ಬೂದು ಚೌಕ ಮೂಡಿತು. ಅದರಲ್ಲಿ ಆಕೆಯ ಹೆಸರು; ಅದರ ಮುಂದೆ, ನಿನ್ನೆ ನಿಮ್ಮಿಂದಾದ ತಪ್ಪುಗಳು ಮೂವತ್ತನಾಲ್ಕು; ಕೆಳಗೆ ಟೈಪ್ ಮಾಡಲು ಒಂದು ಜಾಗ. ಅಕ್ಕ ಅದನ್ನು ಎರಡು ಸಲ ಓದಿದಳು. ಮೂವತ್ತನಾಲ್ಕು ಎನ್ನುವುದು ಇಡೀ ಕೋಣೆಯ ಲೆಕ್ಕವಿರಬೇಕು, ಹಿರಿಯಳೆಂದು ತನ್ನ ಹೆಸರು ಹಾಕಿದ್ದಾರೆ ಎಂದುಕೊಂಡಳು. ಕೋಣೆಯದು ತನ್ನದೇ ಅಲ್ಲವೇ? “ಒಪ್ಪಿದ್ದೇನೆ” ಎಂದು ಟೈಪ್ ಮಾಡಿದಳು. ಎರಡನೆಯ ಕಂಪ್ಯೂಟರಿನಲ್ಲೂ ಅದೇ ಚೌಕ ಬಂತು. ಹೊರಗೆ ತೋಳು ಮಡಚಿದವರ ಸಾಲು ಬೆಳೆಯುತ್ತಿತ್ತು. ಆಕೆ ಏಳು ಸಲ ಒಪ್ಪಿದಳು.

ಎಂಟಕ್ಕೆ ಬಂದ ಚಟಾಕಿಗೆ ಅಕ್ಕ ಇದನ್ನು ಹೇಳಿದಳು. ಚಟಾಕಿ ಎಂದರೆ ಪಕ್ಕದ ಕುರ್ಚಿಯವಳು; ಬಾಯಿ ತೆರೆದರೆ ನಗೆ ಹಾರಿಸುತ್ತಿದ್ದುದರಿಂದ ಆ ಹೆಸರು. ಹನ್ನೆರಡು ವರ್ಷಗಳಿಂದ ಅಕ್ಕನ ಬುತ್ತಿಯಲ್ಲಿ ಅರ್ಧ ಪಾಲು ಅವಳದು.

“ನಮಗ್ಯಾರಿಗೂ ಯಾವ ಚೌಕವೂ ಬರಲಿಲ್ಲಪ್ಪ,” ಎಂದಳು ಚಟಾಕಿ. “ನಿಮಗೊಬ್ಬರಿಗೇ ಪ್ರೇಮಪತ್ರ! ಈ ವಯಸ್ಸಿನಲ್ಲಿ ಯಾರಕ್ಕಾ ಆ ಪುಣ್ಯಾತ್ಮ?”

“ಕಂಪ್ಯೂಟರ್ ತೆರೆಯೋರಿಗೆ ತಾನೇ ಪತ್ರ ಬರೋದು? ನೀವು ತೆರೆದರೆ ತಾನೆ?”

“ನಾವು ಯಾಕೆ ತೆರೆಯೋಣ? ನೀವಿದ್ದೀರಲ್ಲ.”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆ ದಿನ ಚಟಾಕಿ ಹರಟೆಯ ಭರದಲ್ಲಿ ಒಂಬತ್ತು ಲೇಬಲ್ ತಪ್ಪು ತೆಗೆದು ರದ್ದುಮಾಡಿದಳು. ಒಂಬತ್ತೂ ಅಕ್ಕನ ಹೆಸರಿಗೆ ಹೋಗಿ ಕುಳಿತವು.

ಅದೇ ಮಧ್ಯಾಹ್ನ ಜಾಲಪ್ಪ ಮೊದಲ ದಾಖಲೆಯನ್ನು ತೆರೆದು ನೋಡಿದ. ರಕ್ತಪರೀಕ್ಷಾ ವಿಭಾಗದಲ್ಲಿ ಏಳು ಸಾಲುಗಳು. ಏಳರಲ್ಲೂ ಒಂದೇ ಹೆಸರು. ಅದರ ಮುಂದೆ ಏಳು ಬೇರೆ ಬೇರೆ ಕಂಪ್ಯೂಟರುಗಳು. ಅವನು ಅರ್ಧ ಕುಡಿದ ಚಹಾವನ್ನು ಕೆಳಗಿಟ್ಟ. ಅರ್ಥವಾಗಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಆ ಸಾಲುಗಳ ತಾಯಿಬೇರು ಅವನೇ ಆರು ವರ್ಷಗಳ ಹಿಂದೆ ನೆಟ್ಟದ್ದು.

ಸರಿಪಡಿಸುವುದು ಒಂದು ನಿಮಿಷದ ಕೆಲಸವಾಗಿತ್ತು. ಪ್ರಿಂಟರಿನ ಸಾಲಿನಲ್ಲಿ ಅಕ್ಕನ ಹೆಸರನ್ನು ಅಳಿಸಿ ಅಲ್ಲಿ ಖಾಲಿ ಕುರ್ಚಿ ಇಟ್ಟರೆ ಮರುದಿನದಿಂದ ಆರು ಮಂದಿಯೂ ತಂತಮ್ಮ ಹೆಸರಿನಲ್ಲಿ ಕೆಲಸ ಮಾಡಬಹುದಾಗಿತ್ತು. ಆದರೆ ಹಳೆಯ ಸ್ಕ್ರಿಪ್ಟಿನ ಯಾವ ತಿದ್ದುಪಡಿಯಾದರೂ, ಮೊದಲು ಏನಿತ್ತು, ಯಾವಾಗಿನಿಂದ ಇತ್ತು, ಬರೆದವರು ಯಾರು ಎಂಬ ವಿವರಗಳ ಸಮೇತ ಆಡಳಿತಾಧಿಕಾರಿಗಳ ಮೇಜಿಗೆ ತಾನಾಗಿಯೇ ಹೋಗುತ್ತಿತ್ತು. ಖಾಲಿ ಇದ್ದ ಹುದ್ದೆಯ ಸಂದರ್ಶನಕ್ಕೆ ಇನ್ನು ಮೂರು ವಾರವಿತ್ತು.

ಹೊಸ ಸ್ಕ್ರಿಪ್ಟು ಇನ್ನೂ ಪ್ರಯೋಗದ ಹಂತದಲ್ಲಿದ್ದುದರಿಂದ ಅದರ ತಿದ್ದುಪಡಿ ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಜಾಲಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ನಂತರ ಹೊಸ ಸ್ಕ್ರಿಪ್ಟಿನಲ್ಲಿ ಕಂಪ್ಯೂಟರಿನ ಹೆಸರಿಗಾಗಿ ಇಟ್ಟಿದ್ದ ಖಾಲಿ ಕುರ್ಚಿಯನ್ನು ಅಳಿಸಿದ. ಒಂದು ಪದ, ಎರಡು ಚಿಹ್ನೆಗಳು. ಏಳು ಸಾಲುಗಳು ಕೂಡಿಕೊಂಡು ಒಂದೇ ಸಾಲಾದವು: ಒಬ್ಬ ಹೆಂಗಸು, ಒಂದು ದಿನ, ಮೂವತ್ತನಾಲ್ಕು ತಪ್ಪು, ಒಪ್ಪಿದ್ದೇನೆ.

ಅನ್ಯಾಯ ಮಾಡುವವರು ಕೂಗಾಡುತ್ತಾರೆ, ಬಾಗಿಲು ಒದೆಯುತ್ತಾರೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ತಪ್ಪು ಪಾಠ. ಅಳಿಸುವ ಗುಂಡಿಯನ್ನು ಒತ್ತುವಾಗ ಸದ್ದೇ ಆಗುವುದಿಲ್ಲ. ಒತ್ತಿದವನು ತಣ್ಣಗಾದ ಚಹಾವನ್ನು ಪೂರ್ತಿ ಕುಡಿದ.

ನಾಲ್ಕನೆಯ ದಿನ ಸಂಜೆ ಊಟಕ್ಕೆ ಕುಳಿತಾಗ ಅಕ್ಕ ಕೇಳಿದಳು:

“ಮರಿ, ಆ ಚೌಕದಲ್ಲಿ ನನ್ನ ಹೆಸರೇ ಯಾಕೋ ಬರೋದು? ಕೋಣೆಯ ಲೆಕ್ಕ ಆದರೆ ಕೋಣೆಯ ಹೆಸರು ಹಾಕಬಹುದಿತ್ತಲ್ಲ?”

ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಎಲ್ಲ ವಿಭಾಗಕ್ಕೂ ಹಾಗೇ ಬರುತ್ತೆ ಅಕ್ಕ. ಹಿರಿಯರ ಹೆಸರು ಹಾಕ್ತಾರೆ. ಒಪ್ಪಿಬಿಡು, ಅದಕ್ಕೇನು ತಲೆ ಕೆಡಿಸ್ಕೋತೀಯ?”

“ಒಪ್ಪೋದೇನೋ ಒಪ್ತೀನಿ. ಏಳು ಸಲ ಟೈಪ್ ಮಾಡಿ ಮಾಡಿ ಬೆರಳು ನೋಯುತ್ತೆ ಕಣೋ.”

“ಅತ್ತೆ, ನನಗೆ ಹೇಳಿಕೊಡಿ, ನಾನು ಬಂದು ಟೈಪ್ ಮಾಡ್ತೀನಿ,” ಎಂದಳು ಎರಡನೆಯ ತರಗತಿಯ ಮಗಳು. ಎಲ್ಲರೂ ನಕ್ಕರು. ಜಾಲಪ್ಪನೂ ನಕ್ಕ. ಅವನ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳಲಿಲ್ಲ, ಸಲೀಸಾಗಿ ಇಳಿಯಿತು.

ಎರಡು ವಾರ ಕಳೆಯಿತು. ಆಡಳಿತಾಧಿಕಾರಿಗಳು ಎರಡು ಬಗೆಯ ಕಾಗದಗಳಿಗೆ ಸಹಿ ಹಾಕಿದರು. ಮೊದಲನೆಯದು ಪ್ರಶಂಸಾಪತ್ರ. ರಕ್ತಪರೀಕ್ಷಾ ವಿಭಾಗದ ಆರು ಮಂದಿ ಎರಡು ವಾರಗಳಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿರಲಿಲ್ಲ. ಒಂದೇ ಒಂದು ಲೇಬಲನ್ನೂ ತೆಗೆದಿರಲಿಲ್ಲ ಎಂಬುದನ್ನು ತೋರಿಸುವ ಅಂಕಣ ಆ ಪಟ್ಟಿಯಲ್ಲಿರಲಿಲ್ಲ. ಚಟಾಕಿ ತನ್ನ ಪ್ರಶಂಸಾಪತ್ರಕ್ಕೆ ಗಾಜು ಹಾಕಿಸಿದಳು.

ಎರಡನೆಯದು ಅಕ್ಕನಿಗೆ ಬಂದ ನೋಟೀಸು. ಹನ್ನೊಂದು ದಿನ ಸತತವಾಗಿ ಮಿತಿ ಮೀರಿದ ತಪ್ಪುಗಳು. ಹನ್ನೊಂದಕ್ಕೂ ಸ್ವಂತ ಒಪ್ಪಿಗೆ. ಶುಕ್ರವಾರ ಹನ್ನೊಂದು ಗಂಟೆಗೆ ಹಾಜರಾಗಿ, ಸೇವೆಯಿಂದ ಯಾಕೆ ಬಿಡುಗಡೆ ಮಾಡಬಾರದು ಎಂದು ಹೇಳತಕ್ಕದ್ದು.

ಅಕ್ಕ ನೋಟೀಸನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಆ ದಿನ ಆಕೆ ತೆಗೆದ ಲೇಬಲುಗಳಲ್ಲಿ ಒಂದೂ ತಪ್ಪಿರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಆಕೆಯ ಕೈತಪ್ಪಿನಿಂದ ಒಂದು ನಳಿಕೆಯೂ ಅದಲುಬದಲಾದದ್ದಿಲ್ಲ. ಶುಕ್ರವಾರ ಬೆಳಿಗ್ಗೆ ಆಕೆ ಮೇಜಿನ ಮೂಲೆಗೆ ಹೋಗಿ, ಪ್ರಿಂಟರಿನ ಪಕ್ಕೆಯ ಹಳದಿಗಟ್ಟಿದ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಹರಿಯದಂತೆ ಬಿಡಿಸಿಕೊಂಡಳು. ಅದೊಂದೇ ಆಕೆಯ ಸಾಕ್ಷಿ.

ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಜಾಲಪ್ಪ ಕಾದಿದ್ದ.

“ಅಕ್ಕ, ಆ ಚೀಟಿ ತಂದಿದ್ದೀಯಾ?”

“ತಂದಿದ್ದೀನಿ. ಇದನ್ನು ತೋರಿಸಿದರೆ ಮುಗೀತಲ್ಲ? ಎಲ್ಲರೂ ನನ್ನ ಹೆಸರಲ್ಲೇ ಕೆಲಸ ಮಾಡಿದ್ದು ಯಾಕೆ ಅಂತ ಇದರಲ್ಲೇ ಇದೆ.”

“ಅದರಲ್ಲಿ ನನ್ನ ಸಹಿ ಇದೆ.”

“ಇದ್ದರೆ ಏನಾಯ್ತು? ಮರೆತಿದ್ದೆ ಅಂತ ಹೇಳು. ಬೈದರೆ ಬೈಸಿಕೋ. ಬೈದಿದ್ದೇನು ಮೈಗೆ ಅಂಟಿಕೊಳ್ಳುತ್ತಾ?”

“ಸೋಮವಾರ ನನ್ನ ಸಂದರ್ಶನ ಅಕ್ಕ. ಕೈಬರಹ, ಸಹಿ, ತಾರೀಖು ಅಂತ ಅವರ ಕೈಗೆ ಕೊಟ್ಟರೆ ನನ್ನ ಕತೆ ಮುಗೀತು. ನಾನೇ ಬಾಯಿಬಿಟ್ಟು ಹೇಳಿದರೆ ಬೇರೆ. ಒಳಗೆ ನನ್ನನ್ನೂ ಕರೆದಿದ್ದಾರೆ. ನಾನೇ ಹೇಳ್ತೀನಿ. ಆ ಚೀಟಿ ಕೊಟ್ಟುಬಿಡು.”

ಅಕ್ಕ ಅವನ ಮುಖ ನೋಡಿದಳು. ಒಂಬತ್ತು ವರ್ಷದವನಾಗಿದ್ದಾಗ ಶಾಲೆಯಲ್ಲಿ ಗಾಜು ಒಡೆದು ಬಂದು, ನಾನೇ ಹೇಳ್ತೀನಿ, ನೀನು ಹೇಳಬೇಡ ಎಂದು ಅತ್ತ ಮುಖವೇ ಅದು.

“ಹೇಳ್ತೀಯಲ್ಲ?”

“ನಿನ್ನಾಣೆ ಅಕ್ಕ.”

ಆಕೆ ಚೀಟಿ ಕೊಟ್ಟಳು. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಆಡಳಿತಾಧಿಕಾರಿಗಳ ಕೋಣೆಯಲ್ಲಿ ಅಕ್ಕನಿಗೆ ಕುರ್ಚಿ ಕೊಟ್ಟರು. ಅವರು ಅಷ್ಟು ಸಭ್ಯರು.

“ಹನ್ನೊಂದು ದಿನ. ದಿನಕ್ಕೆ ಮೂವತ್ತಕ್ಕೆ ಕಡಿಮೆ ಇಲ್ಲ. ಏನಮ್ಮಾ, ಓದದೇ ಒಪ್ಪಿದಿರಾ?”

“ಓದೇ ಒಪ್ಪಿದೆ ಸರ್. ಅದು ಕೋಣೆಯ ಲೆಕ್ಕ ಅಂದುಕೊಂಡೆ.”

“ಅಲ್ಲಿ ಕೋಣೆಯ ಹೆಸರಿತ್ತೋ ನಿಮ್ಮ ಹೆಸರಿತ್ತೋ?”

“ನನ್ನದು. ಆದರೆ ಏಳು ಕಂಪ್ಯೂಟರನ್ನೂ ನಾನೇ ತೆರೆಯೋದು ಸರ್. ಎಲ್ಲರೂ ನನ್ನ ಹೆಸರಿನಲ್ಲೇ ಕೆಲಸ ಮಾಡ್ತಾರೆ.”

ಅವರ ಹುಬ್ಬು ಕೂದಲೆಳೆಯಷ್ಟು ಏರಿತು. “ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡೋದು ಎಷ್ಟು ದೊಡ್ಡ ಅಪರಾಧ ಗೊತ್ತಲ್ಲ? ಮಾಡಿದವರಿಗೂ, ಮಾಡಲು ಬಿಟ್ಟವರಿಗೂ.” ಅವರು ಗಂಟೆ ಒತ್ತಿ ಚಟಾಕಿಯನ್ನು ಕರೆಸಿದರು. “ಇವರ ಹೆಸರಿನಲ್ಲಿ ನೀವು ಎಂದಾದರೂ ಕೆಲಸ ಮಾಡಿದ್ದೀರಾ?”

ಚಟಾಕಿ ಅಕ್ಕನನ್ನು ನೋಡಲಿಲ್ಲ. ಗೋಡೆಯ ಮೇಲಿನ ಗಡಿಯಾರವನ್ನು ನೋಡಿದಳು. ಗಾಜು ಹಾಕಿಸಿದ ಪ್ರಶಂಸಾಪತ್ರ ಅವಳ ಕಣ್ಣಮುಂದೆ ಬಂದಿರಬೇಕು.

“ಇಲ್ಲ ಸರ್. ನನ್ನ ಕೆಲಸ ನನ್ನದು, ಅವರದು ಅವರದು.”

“ಚಟಾಕಿ!” ಎಂದಳು ಅಕ್ಕ.

“ಅಕ್ಕ, ವಯಸ್ಸಾದ ಮೇಲೆ ಕಣ್ಣು ಮಂಜಾಗೋದು ತಪ್ಪಲ್ಲ,” ಎಂದಳು ಅವಳು, ಮೃದುವಾಗಿ, ಆಡಳಿತಾಧಿಕಾರಿಗಳಿಗೆ ಕೇಳುವಂತೆ. “ಒಪ್ಪಿಕೊಂಡರೆ ಆಯ್ತಲ್ಲ.”

ಉಳಿದ ಐವರೂ ಒಬ್ಬೊಬ್ಬರಾಗಿ ಬಂದು ಇಲ್ಲ ಎಂದು ಹೋದರು. ಒಬ್ಬರ ಸುಳ್ಳನ್ನು ಇನ್ನೊಬ್ಬರು ಕೇಳಬೇಕಾಗಿ ಬರಲಿಲ್ಲ; ಅದರಿಂದ ಎಲ್ಲರಿಗೂ ಅನುಕೂಲವೇ ಆಯಿತು.

ಕೊನೆಗೆ ಆಡಳಿತಾಧಿಕಾರಿಗಳು ಬಾಗಿಲ ಬಳಿ ನಿಂತಿದ್ದ ಜಾಲಪ್ಪನತ್ತ ತಿರುಗಿದರು. “ಇವರು ನಿಮ್ಮ ಅಕ್ಕ ಅಂತ ಗೊತ್ತು. ಆದರೂ ಕೇಳಲೇಬೇಕು. ಈ ಪಟ್ಟಿಯಲ್ಲಿ ತಪ್ಪಿರೋ ಸಾಧ್ಯತೆ ಇದೆಯಾ?”

ಅಕ್ಕ ಕುರ್ಚಿಯಲ್ಲಿ ಅರ್ಧ ತಿರುಗಿ ತಮ್ಮನನ್ನು ನೋಡಿದಳು. ಆಕೆಯ ಮುಖದಲ್ಲಿ ಆತಂಕವಿರಲಿಲ್ಲ. ಪರೀಕ್ಷೆಯ ದಿನ ಬಾಗಿಲವರೆಗೆ ಬಿಟ್ಟುಬಂದು, ಬರೆದು ಬರ್ತಾನೆ ಬಿಡು ಎಂದು ನಿಲ್ಲುತ್ತಿದ್ದಳಲ್ಲ, ಹಾಗೆ ಕುಳಿತಿದ್ದಳು.

“ಕಂಪ್ಯೂಟರ್ ಸುಳ್ಳು ಹೇಳೋದಿಲ್ಲ ಸರ್,” ಎಂದ ಜಾಲಪ್ಪ.

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಒಮ್ಮೆ ಕೆಳಗಿಳಿದವನಿಗೆ ಇನ್ನೂ ಒಂದು ಮೆಟ್ಟಿಲು ಇಳಿಯುವುದು ಕಷ್ಟವಲ್ಲ. “ನಾನು ಮನೆಯಲ್ಲೂ ಹೇಳಿದ್ದೆ ಸರ್, ನೋಡಿಕೊಂಡು ಕೆಲಸ ಮಾಡು ಅಂತ,” ಎಂದು ಸೇರಿಸಿದ.

ಅಕ್ಕ ಮತ್ತೆ ನೇರವಾಗಿ ತಿರುಗಿ ಕುಳಿತಳು. ಬಿಡುಗಡೆಯ ಪತ್ರ ಮೊದಲೇ ಅಚ್ಚಾಗಿತ್ತು. ಹೆಸರಿನ ಜಾಗ ಮಾತ್ರ ತುಂಬಬೇಕಿತ್ತು. ಆಡಳಿತಾಧಿಕಾರಿಗಳು ತಮ್ಮ ಚೆಂದದ ಅಕ್ಷರದಲ್ಲಿ ಅದನ್ನು ತುಂಬಿದರು.

ಶನಿವಾರ ಬೆಳಿಗ್ಗೆ ಅಕ್ಕನ ಹೆಸರಿನ ಲಾಗಿನ್ ಮುಚ್ಚಲಾಗಿತ್ತು. ಆರು ಮಂದಿ ಆರು ವರ್ಷಗಳ ನಂತರ ತಂತಮ್ಮ ಹೆಸರುಗಳನ್ನು ನೆನಪಿಸಿಕೊಂಡು ಕಂಪ್ಯೂಟರ್ ತೆರೆದರು. ಒಂದೂ ಲೇಬಲ್ ಬರಲಿಲ್ಲ. ಹತ್ತು ಗಂಟೆಯಾದರೂ ಬರಿಹೊಟ್ಟೆಯ ಸಾಲು ಕದಲಲಿಲ್ಲ. ಒಬ್ಬರು ಮುದುಕರು ಕಿಟಕಿಯ ಕಟ್ಟೆ ಹಿಡಿದು ಕುಸಿದರು. ಕೈಯಲ್ಲಿ ಬರೆದು ಅಂಟಿಸಿದ ಲೇಬಲುಗಳಲ್ಲಿ ಯಾವುದು ಯಾರದೆಂದು ತಿಳಿಯದೆ ಹನ್ನೆರಡು ನಳಿಕೆಗಳನ್ನು ಚೆಲ್ಲಬೇಕಾಯಿತು. ಚಟಾಕಿ ಮೂರನೆಯ ಮಹಡಿಗೆ ಓಡಿಬಂದಳು.

“ಏನಾದರೂ ಮಾಡಪ್ಪಾ ಜಾಲಪ್ಪ! ಪ್ರಿಂಟರ್ ಅಕ್ಕನ್ನ ಬಿಟ್ಟರೆ ಬೇರೆಯವರ ಗುರುತೇ ಹಿಡೀತಿಲ್ಲ.”

“ನೀವೆಲ್ಲ ನಿಮ್ಮ ನಿಮ್ಮ ಹೆಸರಲ್ಲೇ ಕೆಲಸ ಮಾಡ್ತಿದ್ದಿರಲ್ಲ, ನಿನ್ನೆ ತಾನೇ ಹೇಳಿದಿರಿ?”

“ನೀನೂ ಏನೇನೋ ಹೇಳಿದೆಯಲ್ಲ,” ಎಂದಳು ಚಟಾಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕಳ್ಳರಿಬ್ಬರು ಒಂದೇ ಹಿತ್ತಿಲಲ್ಲಿ ಎದುರಾದಾಗ ಆಗುವಂತಹ ಸ್ನೇಹ ಅವರ ನಡುವೆ ಆ ಕ್ಷಣದಲ್ಲಿ ಹುಟ್ಟಿತು.

ಜಾಲಪ್ಪ ಪ್ರಿಂಟರಿನ ಸಾಲನ್ನು ಮುಟ್ಟಲಿಲ್ಲ. ಮುಚ್ಚಿದ್ದ ಅಕ್ಕನ ಲಾಗಿನ್ನನ್ನು ಮತ್ತೆ ತೆರೆದ. ಅದು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಮಾತ್ರ ದಾಖಲೆಗೆ ಹೋಗುತ್ತಿತ್ತು. ಆದ್ದರಿಂದ ಸಂಜೆ ಮನೆಗೆ ಹೋಗಿ ಅಕ್ಕನನ್ನೇ ಕೇಳಿದ.

ಅಕ್ಕ ಮಗುವಿನ ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಹಿಂದಿನ ದಿನದಿಂದ ಆಕೆ ಅವನೊಂದಿಗೆ ಮಾತಾಡಿರಲಿಲ್ಲ.

“ನಿನ್ನ ಪಾಸ್‌ವರ್ಡ್ ಬೇಕಿತ್ತು ಅಕ್ಕ. ಅಲ್ಲಿ ಜನ ಬರಿಹೊಟ್ಟೆಯಲ್ಲಿ ನಿಂತು ಒದ್ದಾಡ್ತಿದ್ದಾರೆ. ಅವರದ್ದೇನು ತಪ್ಪು?”

ತನ್ನ ತಪ್ಪನ್ನು ಮುಚ್ಚಲು ರೋಗಿಗಳ ಹಸಿವನ್ನು ಮುಂದೊಡ್ಡಬಲ್ಲವನಾಗಿದ್ದ ಅವನು. ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

“ನಿನ್ನ ಕೊನೆಯ ವರ್ಷದ ಪರೀಕ್ಷೆಯ ನೋಂದಣಿ ಸಂಖ್ಯೆ,” ಎಂದಳು.

ಅವನು ನಿಂತೇ ಇದ್ದ. ಅವನಿಗೆ ಅದು ನೆನಪಿರಲಿಲ್ಲ.

ಅಕ್ಕ ಒಂದೊಂದೇ ಅಂಕಿಯಾಗಿ ಹೇಳಿದಳು. ಅವನು ಜೇಬಿನಿಂದ ಒಂದು ಚೂರು ಕಾಗದ ತೆಗೆದು ಬರೆದುಕೊಂಡ. ನಾಲ್ಕಾಗಿ ಮಡಚಿದ್ದ, ಹಳದಿಗಟ್ಟಿದ ಕಾಗದ. ಅದು ಯಾವುದೆಂದು ಆಕೆ ನೋಡಿದಳು; ಅವನು ನೋಡಿಕೊಳ್ಳಲಿಲ್ಲ.

ಮುಂದಿನ ವಾರ ಜಾಲಪ್ಪ ಮುಖ್ಯ ಜಾಲಾಧಿಕಾರಿಯಾದ. ರಕ್ತಪರೀಕ್ಷಾ ವಿಭಾಗದಲ್ಲಿ ಏಳೂವರೆಗೆ ಬರುವ ಸರದಿ ಆರು ಮಂದಿಗೂ ಹಂಚಿಕೆಯಾಯಿತು. ಬಂದವರು ಅಕ್ಕನ ಹೆಸರು ಹಾಕುವರು; ಬೂದು ಚೌಕ ಬರುವುದು; “ಒಪ್ಪಿಕೋ ಅಕ್ಕ, ಒಪ್ಪಿಕೋ” ಎಂದು ನಗುತ್ತಾ ಟೈಪ್ ಮಾಡುವರು. ಸೇವೆಯಿಂದ ಬಿಡುಗಡೆಯಾದ ಮೂರು ವಾರಗಳ ಮೇಲೂ ಅಕ್ಕ ದಿನಕ್ಕೆ ನಲವತ್ತು ತಪ್ಪುಗಳನ್ನು ಮಾಡುತ್ತಿದ್ದಳು. ಪಟ್ಟಿ ಪ್ರತಿದಿನ ಆಡಳಿತಾಧಿಕಾರಿಗಳ ಮೇಜಿಗೆ ಹೋಗುತ್ತಿತ್ತು. ಒಮ್ಮೆ ಅವರು ಹೆಸರನ್ನು ಗುರುತಿಸಿ ಜಾಲಪ್ಪನನ್ನು ಕರೆಸಿದರು.

“ಇವರು ಹೋದವರಲ್ಲವೇ?”

“ಹೌದು ಸರ್. ಅದು... ಸರಿಮಾಡಬೇಕಾ ಸರ್?”

ಎಲ್ಲವೂ ಅರ್ಥವಾಯಿತು ಅವರಿಗೆ: ಆ ಪಟ್ಟಿ, ಆ ಆರು ಪ್ರಶಂಸಾಪತ್ರಗಳು, ಆ ಶುಕ್ರವಾರ. ಅರ್ಥವಾದದ್ದನ್ನು ಒಪ್ಪಿದರೆ ಎಂಟು ಕಾಗದಗಳ ಮೇಲಿನ ತಮ್ಮದೇ ಸಹಿಗಳನ್ನು ಒಪ್ಪಿಕೊಳ್ಳಬೇಕಾಗಿತ್ತು. ಒಪ್ಪಿಗೆ ಟೈಪ್ ಮಾಡುವ ಚೌಕ ಅವರ ಕಂಪ್ಯೂಟರಿನಲ್ಲಿ ಬರುತ್ತಿರಲಿಲ್ಲ.

“ಇರಲಿ ಬಿಡಿ,” ಎಂದರು. “ಹೋದವರ ಹೆಸರಿನಲ್ಲಿ ತಪ್ಪು ಬಿದ್ದರೆ ಯಾರಿಗೂ ನೋವಿಲ್ಲವಲ್ಲ.”

ಆ ಹೊತ್ತಿಗೆ ಅಕ್ಕನಿಗೆ ನಾಲ್ಕು ಬೀದಿಗಳಾಚೆ ಒಂದು ಸಣ್ಣ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತ್ತು. ಎರಡು ವಾರ ನೋಡಿ ಕಾಯಂ ಮಾಡುತ್ತೇನೆ ಎಂದಿದ್ದ ಅದರ ಮಾಲೀಕ. ಆಕೆ ಅಲ್ಲಿಯೂ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದಳು. ಹದಿಮೂರನೆಯ ದಿನ ಮಾಲೀಕ ಆಕೆಯನ್ನು ಒಳಗೆ ಕರೆದ. ಅವನ ಮುಂದೆ ಆಸ್ಪತ್ರೆಯಿಂದ ಬಂದ ಕಾಗದವಿತ್ತು. ನಡತೆಯ ಬಗ್ಗೆ ಕೇಳಿದ್ದಕ್ಕೆ ಅವರು ಪಟ್ಟಿಯನ್ನೇ ಕಳಿಸಿದ್ದರು.

“ಇದರಲ್ಲಿ ನಿನ್ನೆಯ ತಾರೀಖಿದೆಯಲ್ಲಮ್ಮಾ. ನಿನ್ನೆ ನಲವತ್ತೊಂದು ತಪ್ಪು, ಮೊನ್ನೆ ಮೂವತ್ತೆಂಟು. ಎಲ್ಲಕ್ಕೂ ನೀವು ಒಪ್ಪಿದ್ದೀರಿ.”

“ನಿನ್ನೆ ನಾನು ಇಲ್ಲೇ ಇದ್ದೆನಲ್ಲ, ನಿಮ್ಮ ಕಣ್ಣೆದುರಿಗೇ?”

“ಅದೇ ನಾನು ಕೇಳ್ತಿರೋದು.” ಮಾಲೀಕ ಕಾಗದವನ್ನು ಆಕೆಯತ್ತ ತಳ್ಳಿದ. “ಇಲ್ಲಿ ಸಹಿ ಹಾಕಿ ಅಲ್ಲಿಗೂ ಹೋಗ್ತಿದ್ದಿರೋ, ಅಲ್ಲಿ ಹಾಕಿ ಇಲ್ಲಿಗೆ ಬರ್ತಿದ್ದಿರೋ ನನಗೆ ಬೇಡ. ಎರಡು ದೋಣಿಯಲ್ಲಿ ಕಾಲಿಡೋರನ್ನ ನಾನು ಇಟ್ಟುಕೊಳ್ಳೋದಿಲ್ಲ.”

ಆಕೆ ಹೇಳಿ ನೋಡಿದಳು. ಅವನು ತನ್ನ ಕಣ್ಣನ್ನು ಸಾಕ್ಷಿಗೆ ಕರೆಯಲಿಲ್ಲ, ಕಾಗದವನ್ನೇ ನಂಬಿದ.

ಸಂಜೆ ಊಟದ ಹೊತ್ತಿಗೆ ಅಕ್ಕ ತಮ್ಮನ ಎದುರು ಕುಳಿತಳು. ಎಷ್ಟೋ ದಿನಗಳ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದಳು.

“ಒಂದೇ ಒಂದು ಮಾತು ಹೇಳೋ. ನಿನ್ನೆ ನಾನು ಎಲ್ಲಿದ್ದೆ?”

ಜಾಲಪ್ಪ ನೀರಿನ ಲೋಟವನ್ನು ಎತ್ತಿದ, ಇಟ್ಟ. ಹೆಂಡತಿ ಬಡಿಸುವ ಕೈಯನ್ನು ನಿಲ್ಲಿಸಿದಳು.

“ಅತ್ತೆ ಹೊಸ ಕೆಲಸಕ್ಕೆ ಹೋಗಿದ್ರಲ್ಲ,” ಎಂದಳು ಮಗಳು. “ಬರುವಾಗ ನನಗೆ ಪೆನ್ಸಿಲ್ ತಂದ್ರಲ್ಲ. ಅಪ್ಪನಿಗೆ ಅಷ್ಟೂ ಗೊತ್ತಿಲ್ವಾ?”

“ಸುಮ್ಮನೆ ಊಟ ಮಾಡು,” ಎಂದ ಅಪ್ಪ.

ಮರುದಿನ ಬೆಳಿಗ್ಗೆ ಏಳೂವರೆಗೆ ಚಟಾಕಿಯ ಸರದಿ. ಅವಳು ಬೀಗ ತೆಗೆದು, ದೀಪ ಹಾಕಿ, ಗೋಡೆಯಿಂದ ಗೋಡೆಗೆ ಏಳು ಕಂಪ್ಯೂಟರುಗಳನ್ನೂ ಅಕ್ಕನ ಹೆಸರಿನಲ್ಲಿ ತೆರೆದಳು. ಏಳು ಚೌಕಗಳು ಬಂದವು. ಹೊರಗೆ ತೋಳು ಮಡಚಿದವರು ಕೆಮ್ಮುತ್ತಿದ್ದರು. ಅವಳು ಏಳು ಸಲ ಒಪ್ಪಿಕೊಂಡಳು.